2,70,000 ರೂಪಾಯಿಯ ಗಿಟಾರ್ ಬೆರಳು ಕುಯ್ದ ಕತೆ: ದೊಡ್ಡ ಹೆಸರು ನೋಡಿ ದುಡ್ಡು ಸುರಿಯುವ ಮುಂಚೆ ಓದಿ

ಎರಡು ಲಕ್ಷ ಎಪ್ಪತ್ತು ಸಾವಿರ. ಮೊದಲೇ ಹೇಳಿಬಿಡುತ್ತೇನೆ. ಇಷ್ಟು ಕೊಟ್ಟು ತಂದ ಗಿಟಾರ್ ಮೊದಲ ವಾರವೇ ನನ್ನ ತೋರುಬೆರಳು ಕುಯ್ದಿತು. ಫ್ರೆಟ್‌ನ, ಅಂದರೆ ಗಿಟಾರಿನ ಹಿಡಿಯ ಮೇಲೆ ಅಡ್ಡಡ್ಡ ಕೂರಿಸಿದ ಲೋಹದ ಪಟ್ಟಿಯ, ತುದಿ ಬ್ಲೇಡಿನ ಹಾಗೆ ಹೊರಗೆ ಚಾಚಿಕೊಂಡಿತ್ತು. ಒಂದಲ್ಲ, ಏಳು ಫ್ರೆಟ್.

ಅಮೆರಿಕದ ಹಳೆಯ ಕಂಪನಿ. ಹೆಸರು ಹಾಕುವುದಿಲ್ಲ, ದಯವಿಟ್ಟು ಕೇಳಬೇಡಿ. ಹೆಸರು ನೋಡಿ ಕಣ್ಣು ಮುಚ್ಚಿ ಕೊಳ್ಳುವ ಎಲ್ಲರಿಗೂ ಈ ಮಾತು ಅನ್ವಯಿಸುತ್ತದೆ.

ನಾನು ಇಪ್ಪತ್ತು ವರ್ಷದಿಂದ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತಿದ್ದೇನೆ. ಗಣೇಶನ ಹಬ್ಬ, ರಾಜ್ಯೋತ್ಸವ, ಮದುವೆ ರಿಸೆಪ್ಷನ್. ಇಷ್ಟು ದಿನ ಕೈಯಲ್ಲಿ ಇದ್ದದ್ದು ಇಂಡೋನೇಷ್ಯಾದಲ್ಲಿ ಮಾಡಿದ 24 ಸಾವಿರದ ಗಿಟಾರ್. ಈ ದೊಡ್ಡ ಗಿಟಾರಿನ ಬೆಲೆಯನ್ನು 2015ರಲ್ಲೇ ಕೇಳಿದ್ದೆ. ಆಗ 1,35,000. ಆಗಲಿಲ್ಲ, ಸುಮ್ನೆ ವಾಪಸ್ ಬಂದೆ. ಆಮೇಲೆ ಪ್ರತಿ ಸೀಸನ್ನಿನಲ್ಲಿ ಒಂದಿಷ್ಟು ಎತ್ತಿಟ್ಟೆ. ನಾನು ಎತ್ತಿಡುತ್ತಾ ಹೋದೆ, ಅವರು ಏರಿಸುತ್ತಾ ಹೋದರು. 2018ರಲ್ಲಿ ಕೇಳಿದಾಗ "ಬೀಟೆ ಮರಕ್ಕೆ ಪೇಪರ್ಸ್ ಬೇಕು ಸರ್, ಅದಕ್ಕೇ ಜಾಸ್ತಿ" ಎಂದರು. ಅದು ಸುಳ್ಳಲ್ಲ. 2017ರ ಜನವರಿಯಲ್ಲಿ ಬೀಟೆ ಜಾತಿಯ ಮರಗಳನ್ನೆಲ್ಲ ಅಳಿವಿನಂಚಿನ ಗಿಡ, ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಗೆ ಸೇರಿಸಿದ್ದರು. ಆದರೆ 2019ರ ನವೆಂಬರಿನಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಕೊಟ್ಟರಲ್ಲ, ಆಗ ಬೆಲೆ ಇಳಿಯಿತಾ? ಒಂದು ರೂಪಾಯಿ ಇಳಿಯಲಿಲ್ಲ. ಆಮೇಲೆ ಕೇಳಿದಾಗ "ಡಾಲರ್ ಸರ್" ಎಂದರು. ಡಾಲರ್ 2015ರಲ್ಲಿ 65 ರೂಪಾಯಿ ಆಸುಪಾಸು ಇತ್ತು, 2024ರಲ್ಲಿ 84 ಹತ್ತಿರ. ಮೂರನೇ ಒಂದು ಭಾಗದಷ್ಟೂ ಏರಿಲ್ಲ. ಗಿಟಾರಿನ ಬೆಲೆ ಸರಿಯಾಗಿ ಎರಡರಷ್ಟಾಗಿದೆ.

2024ರ ಆಗಸ್ಟಿನಲ್ಲಿ ಬೆಂಗಳೂರಿನ ಅಂಗಡಿಗೆ ಹೋದೆ. ಇಲ್ಲಿ ನನ್ನ ತಪ್ಪೂ ಇದೆ, ಮುಚ್ಚಿಡುವುದಿಲ್ಲ. ಬಣ್ಣ ನೋಡಿಯೇ ಮನಸ್ಸು ಸೋತಿತು. ಅಂಗಡಿಯ ಹುಡುಗ ಆಂಪ್‌ಗೆ (ಸದ್ದು ದೊಡ್ಡದು ಮಾಡುವ ಪೆಟ್ಟಿಗೆ) ಹಾಕಿ ತಾನೇ ನುಡಿಸಿ ತೋರಿಸಿದ. ನಾನು ಮೊದಲ ಐದು ಫ್ರೆಟ್‌ನೊಳಗೆ ನಾಲ್ಕು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಹಿಡಿದೆ, ಅಷ್ಟೇ. ನೆಕ್ (ಗಿಟಾರಿನ ಹಿಡಿ) ಉದ್ದಕ್ಕೂ ಒಂದು ಸಲ ಕೈ ಆಡಿಸಿ ನೋಡಲಿಲ್ಲ. ಇಪ್ಪತ್ತು ವರ್ಷ ನುಡಿಸಿದವನು! ಹತ್ತು ಸಾವಿರದ ಗಿಟಾರ್ ಆಗಿದ್ದರೆ ಖಂಡಿತ ನೋಡುತ್ತಿದ್ದೆ. ಇಷ್ಟು ದೊಡ್ಡ ಕಂಪನಿಯದನ್ನು ಏನು ನೋಡುವುದು ಎಂದುಕೊಂಡೆ. "ಇದೊಂದೇ ಪೀಸ್ ಉಳಿದಿರೋದು ಸರ್, ಮುಂದಿನ ಲಾಟ್‌ಗೆ ರೇಟ್ ಏರುತ್ತೆ" ಎಂದ. ಕೊಟ್ಟುಬಿಟ್ಟೆ.

ಆ ವಾರ ಬೆರಳು ಕುಯ್ಯಿತು. ಹೊಸದು, ಸ್ವಲ್ಪ ದಿನ ಹಾಗೇ ಇರುತ್ತದೆ ಎಂದುಕೊಂಡೆ. ಹನ್ನೆರಡನೇ ಫ್ರೆಟ್ ದಾಟಿದರೆ ತಂತಿ ಜುಯ್ ಎನ್ನುತ್ತಿತ್ತು. ಅದಕ್ಕೂ ಸಮಾಧಾನ ಹೇಳಿಕೊಂಡೆ.

ಸೆಪ್ಟೆಂಬರ್ 7, ಗಣೇಶನ ಹಬ್ಬ. ಮಂಡ್ಯದ ಹತ್ತಿರ ಒಂದು ಪೆಂಡಾಲ್. ಮೂರನೇ ಹಾಡಿನ ನಡುವೆ ನನ್ನ ಸೋಲೋ ಬಂತು. ಮೂರನೇ ತಂತಿಯನ್ನು ಎಳೆದು ಬಿಟ್ಟೆ. ತಂತಿ ತನ್ನ ಜಾಗಕ್ಕೆ ವಾಪಸ್ ಬರಲೇ ಇಲ್ಲ. ಶ್ರುತಿ ಇಳಿದು ಅಲ್ಲೇ ನಿಂತಿತು. ಹಾಡುತ್ತಿದ್ದ ಹುಡುಗಿ ತಿರುಗಿ ನನ್ನ ಮುಖ ನೋಡಿದಳು. ಕೀಬೋರ್ಡಿನವನು ವಾಲ್ಯೂಮ್ ಏರಿಸಿ ನನ್ನನ್ನು ಮುಚ್ಚಿದ. ಅವನಿಗೆ ಇವತ್ತಿಗೂ ಋಣಿ. ಆದರೆ ಆ ನೋಟ ಇದೆಯಲ್ಲ, ಅದು ಇನ್ನೂ ಚುಚ್ಚುತ್ತದೆ. ಅವತ್ತು ಉಳಿದ ಹಾಡಿಗೆಲ್ಲ ಆ 24 ಸಾವಿರದ ಗಿಟಾರನ್ನೇ ಎತ್ತಿಕೊಂಡೆ.

ತೊಂದರೆ ಇದ್ದದ್ದು ನಟ್‌ನಲ್ಲಿ. ನೆಕ್ ಮತ್ತು ತಂತಿ ಬಿಗಿಸುವ ಕೀಲುಗಳಿರುವ ಹೆಡ್‌ಸ್ಟಾಕ್ ಸೇರುವ ಕಡೆ ತಂತಿಗಳು ಕೂರುವ ಬಿಳಿ ಪಟ್ಟಿ. ಅದರ ಸೀಳುಗಳನ್ನು ಸರಿಯಾಗಿ ಕೊರೆಯದಿದ್ದರೆ ತಂತಿ ಅಲ್ಲೇ ಕಚ್ಚಿಕೊಳ್ಳುತ್ತದೆ. ಟ್ಯೂನ್ ಮಾಡುವಾಗ ಟಿಕ್ ಟಿಕ್ ಅಂತ ಸದ್ದು ಬರುತ್ತದೆ. ಸಣ್ಣ ಅರ ಹಿಡಿದು ಹತ್ತು ನಿಮಿಷದಲ್ಲಿ ಮುಗಿಸುವ ಕೆಲಸ. ಆ ಹತ್ತು ನಿಮಿಷ ಕಂಪನಿಗೆ ಇರಲಿಲ್ಲ.

ಹಬ್ಬ ಮುಗಿದ ಮೇಲೆ ಮೈಸೂರಿಗೆ ಚಿಕ್ಕಪ್ಪನ ಮನೆಗೆ ಹೋಗಿದ್ದೆ. ಅವರು ನಲವತ್ತು ವರ್ಷ ಬೀಟೆ ಮರದಲ್ಲಿ ಇನ್ಲೇ ಕೆಲಸ ಮಾಡಿದವರು. ಆನೆ, ಅಂಬಾರಿ, ಬಳ್ಳಿ, ಎಲ್ಲವನ್ನೂ ಮರದಲ್ಲಿ ಕೊರೆದು ಇನ್ನೊಂದು ಬಣ್ಣದ ಮರ ಕೂರಿಸುವ ಕೆಲಸ. ಗಿಟಾರ್ ತೋರಿಸಿದೆ. ಕಿಟಕಿ ಹತ್ತಿರ ಹಿಡಿದು, ಕನ್ನಡಕ ಏರಿಸಿ, ಫ್ರೆಟ್‌ಬೋರ್ಡಿನ ಮೇಲಿರುವ ಚಿಪ್ಪಿನ ಗುರುತುಗಳನ್ನು ಉಗುರಿನಿಂದ ಕೆರೆದರು. "ಇಲ್ಲಿ ನೋಡೋ" ಎಂದರು. ಚಿಪ್ಪಿನ ಅಂಚಿಗೂ ಮರಕ್ಕೂ ನಡುವೆ ಕಪ್ಪು ಗೆರೆ. ನಾನು ಅದನ್ನು ಮರದ್ದೇ ಬಣ್ಣ ಎಂದುಕೊಂಡಿದ್ದೆ. "ಗುಂಡಿ ದೊಡ್ಡದಾಗಿ ಕೊರೆದುಬಿಟ್ಟಿದ್ದಾರೆ. ಸಂದಿಗೆ ಹೊಟ್ಟು, ಅಂಟು ಕಲಸಿ ತುಂಬಿದ್ದಾರೆ. ನಾನು ಕೆಲಸ ಕಲಿಯೋವಾಗ ಹೀಗೆ ಮಾಡಿದ್ರೆ ಮೇಸ್ತ್ರಿ ತಲೆಗೆ ಮೊಟಕೋರು." ಆಮೇಲೆ ಕೇಳಿದರು, "ಎಷ್ಟು ಕೊಟ್ಯೋ ಇದಕ್ಕೆ?"

ಹೇಳಲಿಲ್ಲ. ಬಾಯಿ ಬರಲಿಲ್ಲ. ಮೋಸ ಹೋದೆ ಅಂತ ನನಗೆ ಗೊತ್ತಾದದ್ದು ಅಂಗಡಿಯಲ್ಲಲ್ಲ, ಸ್ಟೇಜಿನ ಮೇಲೂ ಅಲ್ಲ, ಆ ಕಿಟಕಿಯ ಹತ್ತಿರ. ಅದರ ಜೊತೆ ಬಂದ ಕಾಗದದಲ್ಲಿ "ಇಂಡಿಯನ್ ರೋಸ್‌ವುಡ್" ಅಂತ ದಪ್ಪಕ್ಷರದಲ್ಲಿ ಬರೆದಿದೆ. ನಮ್ಮ ಕಡೆಯ ಬೀಟೆ. ನಮ್ಮ ಘಟ್ಟದಲ್ಲೂ ಬೆಳೆಯುವ ಮರ. ಅದನ್ನು ಹೀಗೆ ಕೊರೆದು ಹಾಳು ಮಾಡಿ ನಮಗೇ ಮಾರಿದ್ದಾರೆ.

ಈಗ ಅವರ ಉತ್ತರಗಳನ್ನು ಕೇಳಿ.

ಅಂಗಡಿಯವರು ಮೊದಲು ಹೇಳಿದ್ದು, "ಸೆಟಪ್ ಮಾಡಿಸಿಕೊಳ್ಳಿ ಸರ್, 3,500 ಆಗುತ್ತೆ." ಸೆಟಪ್ ಅಂದರೆ ತಂತಿ, ನೆಕ್ ಎಲ್ಲ ಹದ ಮಾಡುವ ಕೆಲಸ. ಎರಡು ಮುಕ್ಕಾಲು ಲಕ್ಷದ ಹತ್ತಿರ ಕೊಟ್ಟವನಿಗೆ ಮತ್ತೆ 3,500! ನಾನು ಹದಿನಾಲ್ಕು ಫೋಟೋ ತೆಗೆದು ಕಂಪನಿಗೆ ಕಳಿಸಿದೆ. ಹತ್ತೊಂಬತ್ತು ದಿನ ಆದಮೇಲೆ ಉತ್ತರ ಬಂತು. ಫ್ರೆಟ್‌ಗಳು ಕಾರ್ಖಾನೆಯ ಅಳತೆಯ ಮಿತಿಯೊಳಗೇ ಇವೆಯಂತೆ. ಫೋಟೋ ನೋಡಿ ಅಳತೆ ಹೇಗೆ ತೆಗೆದಿರಿ ಅಂತ ಕೇಳಿದೆ. ಅದಕ್ಕೆ ಉತ್ತರ ಇಲ್ಲ. ಬದಲಿಗೆ ಎರಡನೇ ಮೇಲ್: ನಿಮ್ಮ ಮನೆಯ ಗಾಳಿ ಒಣಗಿರಬೇಕು, ಮರ ಕುಗ್ಗಿದೆ, ಲೋಹ ಕುಗ್ಗುವುದಿಲ್ಲ, ಅದಕ್ಕೇ ಫ್ರೆಟ್ ಹೊರಗೆ ಬಂದಿದೆ, ಇದು ವಾರಂಟಿಗೆ ಸೇರುವುದಿಲ್ಲ. ಮರ ಒಣಗಿದರೆ ಹಾಗಾಗುತ್ತದೆ, ಅದು ನಿಜ. ಆದರೆ ನಾನು ಕೊಂಡದ್ದು ಶ್ರಾವಣದಲ್ಲಿ! ಹೊರಗೆ ಜಡಿ ಮಳೆ, ಒಗೆದ ಬಟ್ಟೆ ಮೂರು ದಿನ ಒಣಗುತ್ತಿರಲಿಲ್ಲ. ಮಳೆಗಾಲದಲ್ಲಿ ಮರ ಉಬ್ಬುತ್ತದೆ, ಬಾಗಿಲು ಹಾಕಲು ಬರುವುದಿಲ್ಲ, ನಮ್ಮೂರಲ್ಲಿ ಮಕ್ಕಳಿಗೂ ಗೊತ್ತು. ನನ್ನ ಮನೆಯಲ್ಲಿ ಎಸಿ ಇಲ್ಲ. ಅದೇ ಕೋಣೆಯಲ್ಲಿ, ಅದೇ ಗೋಡೆಗೆ ಒರಗಿ ಆ ಇಂಡೋನೇಷ್ಯಾ ಗಿಟಾರ್ ಆರು ವರ್ಷದಿಂದ ಇದೆ. ಅದರ ಒಂದು ಫ್ರೆಟ್ ಕೂಡ ಚಾಚಿಲ್ಲ. ಇದನ್ನೆಲ್ಲ ಬರೆದೆ.

ಮೂರನೇ ಉತ್ತರ ಓದಿ ಮೈಯೆಲ್ಲ ಉರಿಯಿತು. ನಮ್ಮ ವಾದ್ಯಗಳನ್ನು ಕೈಯಿಂದ ತಯಾರಿಸುತ್ತೇವೆ, ಇಂಥ ಸಣ್ಣ ವ್ಯತ್ಯಾಸಗಳು ಕೈಕೆಲಸದ ಗುರುತು, ಒಂದೊಂದು ಗಿಟಾರಿನ ವಿಶೇಷ ಅಂತ. ಕೈಕೆಲಸ! ನಮ್ಮ ಚಿಕ್ಕಪ್ಪ ಮಾಡಿದ್ದು ಕೈಕೆಲಸ. ವೀಣೆ ಮಾಡುವವರು ಮೇಣದಲ್ಲಿ ಒಂದೊಂದೇ ಮೆಟ್ಟಿಲು ಕೂರಿಸಿ, ಕಿವಿಗೊಟ್ಟು ಕೇಳಿ, ಸರಿ ಬರದಿದ್ದರೆ ಮೇಣ ಕರಗಿಸಿ ಮತ್ತೆ ಕೂರಿಸುತ್ತಾರಲ್ಲ, ಅದು ಕೈಕೆಲಸ. ಅವಸರದಲ್ಲಿ ಅರ ಉಜ್ಜದೇ ಪೆಟ್ಟಿಗೆಗೆ ತುಂಬಿದ್ದಕ್ಕೆ ಕೈಕೆಲಸ ಅನ್ನಬೇಡಿ. ಕೈಯಿಂದ ಕೆಲಸ ಮಾಡುವವರಿಗೆ ಅದು ಅವಮಾನ.

ಕೊಳ್ಳಲೇಬೇಕು ಅಂತಿದ್ದರೆ ಇಷ್ಟು ಮಾಡಿ. ಅಂಗಡಿಯವರ ಕೈಗೆ ಗಿಟಾರ್ ಕೊಡಬೇಡಿ, ನೀವೇ ನುಡಿಸಿ, ಆಂಪ್ ಇಲ್ಲದೆ. ನೆಕ್‌ನ ಎರಡೂ ಅಂಚಿನಲ್ಲಿ ಕೈ ಆಡಿಸಿ. ಒಂದು ಸಣ್ಣ ಸ್ಟೀಲ್ ಸ್ಕೇಲ್ ಒಯ್ಯಿರಿ, ಮೂರು ಮೂರು ಫ್ರೆಟ್ ಮೇಲೆ ಇಡುತ್ತಾ ಹೋಗಿ, ಸ್ಕೇಲ್ ಅಲ್ಲಾಡಿದರೆ ನಡುವಿನ ಫ್ರೆಟ್ ಎದ್ದಿದೆ ಎಂದರ್ಥ. ಮೂರನೇ ತಂತಿಯನ್ನು ಜೋರಾಗಿ ಎಳೆದು ಬಿಟ್ಟು ಶ್ರುತಿ ನೋಡಿ. ಅಂಗಡಿಯವರು ಮುಖ ಗಂಟಿಕ್ಕಿದರೆ ಗಂಟಿಕ್ಕಲಿ. "ಕೊನೇ ಪೀಸ್" ಅಂದರೆ ಎದ್ದು ಬನ್ನಿ. ವಾರಂಟಿ ಕಾಗದವನ್ನು ದುಡ್ಡು ಕೊಡುವ ಮುಂಚೆ ಓದಿ. ಲೈಫ್‌ಟೈಮ್ ಅಂತ ಮೇಲೆ ದೊಡ್ಡದಾಗಿ ಬರೆದು, ಫ್ರೆಟ್ ಇಲ್ಲ, ನಟ್ ಇಲ್ಲ, ಮರ ಕುಗ್ಗಿದರೆ ಇಲ್ಲ ಅಂತ ಕೆಳಗೆ ಸಣ್ಣದಾಗಿ ಬರೆದಿರುತ್ತಾರೆ. ನಾನು ಓದಿದ್ದು ಅಕ್ಟೋಬರಿನಲ್ಲಿ.

ನಮ್ಮ ಏರಿಯಾದ ರಿಪೇರಿಯವರು ಎಲ್ಲ ಸೇರಿ 4,500ಕ್ಕೆ ಸರಿ ಮಾಡಿಕೊಡುತ್ತೇನೆ ಎಂದಿದ್ದಾರೆ. ಮಾಡಿಸಿಲ್ಲ. ಬೇರೆಯವರ ಕೈ ಬಿದ್ದರೆ "ನೀವೇ ಹಾಳು ಮಾಡಿದ್ದು" ಎನ್ನುತ್ತಾರೆ. ಅದಕ್ಕೇ ಹೇಗೆ ಬಂತೋ ಹಾಗೇ ಪೆಟ್ಟಿಗೆಯಲ್ಲಿಟ್ಟಿದ್ದೇನೆ. ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಬರೆಯುತ್ತಿದ್ದೇನೆ. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ, ಎರಡು ವರ್ಷದೊಳಗೆ ಹಾಕಬೇಕು. ಸಹಾಯವಾಣಿ 1915. ಬಿಲ್, ಹದಿನಾಲ್ಕು ಫೋಟೋ, ಮೂರು ಮೇಲ್, ಎಲ್ಲ ಪ್ರಿಂಟ್ ತೆಗೆಸಿದ್ದೇನೆ. ಕೊನೆಗೆ ಚಿಕ್ಕಪ್ಪನಿಗೆ ಬೆಲೆಯನ್ನೂ ಹೇಳಿದೆ. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ಯಾವತ್ತು ಬರಬೇಕು ಹೇಳು, ಆ ಗುಂಡಿಗಳನ್ನು ನಾನೇ ಬಂದು ತೋರಿಸ್ತೀನಿ ಎಂದರು.