ಹಳೇ ಟೈಲ್ಸ್ ಕೀಳದೆಯೇ ಕಿತ್ತ ದುಡ್ಡು ತಗೊಂಡ: ಬಾತ್‌ರೂಮ್ ಮಾಡಿಸೋರು ದಯವಿಟ್ಟು ಓದಿ

ಬೆಂಗಳೂರಲ್ಲಿ ಹಳೇ ಅಪಾರ್ಟ್‌ಮೆಂಟಿನ ಸಣ್ಣ ಬಾತ್‌ರೂಮ್ ಹೊಸದಾಗಿ ಮಾಡಿಸ್ಬೇಕು ಅಂತಿರೋರು ಅಡ್ವಾನ್ಸ್ ಕೊಡೋ ಮುಂಚೆ ಇದನ್ನ ಓದಿ. ಕಂಟ್ರಾಕ್ಟರ್ ಹೆಸರು ಹಾಕ್ತಿಲ್ಲ. ಮೋಸ ಹೇಗೆ ಮಾಡ್ತಾರೆ ಅನ್ನೋದು ಗೊತ್ತಾದ್ರೆ ಸಾಕು.

ನಮ್ಮದು 5 ಅಡಿಗೆ 7 ಅಡಿ ಬಾತ್‌ರೂಮ್. ಕೊಟೇಷನ್‌ನಲ್ಲಿ ಬರೆದಿದ್ದು: ಹಳೇ ಟೈಲ್ಸ್ ಒಡೆಯೋ ಕೂಲಿ 14,000, ಡೆಬ್ರಿ (ಒಡೆದ ಚೂರು, ಗಾರೆ) ಸಾಗಣೆ 6,000, ವಾಟರ್‌ಪ್ರೂಫಿಂಗ್ 18,000, ಹಳೇ ಜಿಐ (ಕಬ್ಬಿಣದ) ಪೈಪ್ ತೆಗೆದು ಸಿಪಿವಿಸಿ (ಪ್ಲಾಸ್ಟಿಕ್) ಪೈಪ್ ಹಾಕೋಕೆ 22,000. ಒಟ್ಟು 60,000. ಟೈಲ್ಸ್, ಕಮೋಡ್, ನಲ್ಲಿ, ಕೂರಿಸೋ ಕೂಲಿ ಎಲ್ಲ ಬೇರೆ. ಈ ಅರವತ್ತು ಸಾವಿರದಲ್ಲಿ ಒಂದು ಕೆಲಸವೂ ಆಗಿಲ್ಲ. ಒಂದೂ ಆಗಿಲ್ಲ! ಹಳೇ ಟೈಲ್ಸ್ ಮೇಲೇ ಹೊಸ ಟೈಲ್ಸ್ ಅಂಟಿಸಿ ಹೋಗಿದ್ದಾನೆ.

ಕೆಲಸ ನಡೀವಾಗ ಮನೆ ಖಾಲಿ, ಕೀ ಅವನ ಹತ್ರ. ದಿನಾ ವಾಟ್ಸಾಪಲ್ಲಿ ಫೋಟೊ ಬರೋದು. ಒಡೆದ ಟೈಲ್ಸ್, ಸಿಮೆಂಟ್ ಪುಡಿ, ಬರೀ ಗಾರೆ ಕಾಣೋ ನೆಲ. ಕಮೋಡ್ ಕೂರಿಸೋ ಜಾಗದ ಸುತ್ತ ಒಂದೆರಡು ಅಡಿ ಮಾತ್ರ ಒಡೆದು, ಅದನ್ನೇ ನಾಲ್ಕು ಕಡೆಯಿಂದ ಹತ್ತಿರ ಹಿಡಿದು ಫೋಟೊ ತೆಗೆದಿದ್ದ ಅಂತ ಆಮೇಲೆ ಗೊತ್ತಾಯ್ತು.

ಅಳತೆ ಕೊಟ್ಟು ಮಾಡಿಸಿದ್ದ 8 ಎಂಎಂ ಗ್ಲಾಸ್ ಪಾರ್ಟಿಷನ್ ಜಾಗಕ್ಕೆ ಕೂರ್ಲಿಲ್ಲ. ಟಫನ್ಡ್ ಗ್ಲಾಸ್ ಆಮೇಲೆ ಕತ್ತರಿಸೋಕೆ ಬರಲ್ಲ, ಹೊಸದೇ ಆಗ್ಬೇಕು. ಕೇಳಿದ್ರೆ "ನಿಮ್ಮ ಗೋಡೆ ಸೊಟ್ಟ ಇದೆ ಮೇಡಂ" ಅಂದ. ಗೋಡೆ ಏನೂ ಸೊಟ್ಟ ಇಲ್ಲ. ಹೊಸ ಟೈಲ್ ಮತ್ತು ಅದರ ಹಿಂದಿನ ಸಿಮೆಂಟ್ ಸೇರಿ ಒಂದೊಂದು ಗೋಡೆ ಸುಮಾರು 15 ಎಂಎಂ ಒಳಗೆ ಬಂದಿದೆ. ಎರಡೂ ಕಡೆ ಸೇರಿದ್ರೆ ಒಂದು ಇಂಚಿಗಿಂತ ಜಾಸ್ತಿ. 5 ಅಡಿ ಅಗಲದಲ್ಲಿ ಒಂದಿಂಚು ಅಂದ್ರೆ ಸುಮ್ನೆ ಅಲ್ಲ.

ಸಿಕ್ಕಿಬಿದ್ದಿದ್ದು ಆಂಗಲ್ ಕಾಕ್‌ನಲ್ಲಿ, ಅಂದ್ರೆ ಗೋಡೆಯಿಂದ ಬರೋ ನೀರನ್ನ ತೆಗೆದು ಮುಚ್ಚೋ ಸಣ್ಣ ನಲ್ಲಿಯಲ್ಲಿ. ಗೀಸರ್ ಕೆಳಗಿಂದು ಸಣ್ಣಗೆ ಸೋರ್ತಿತ್ತು. ಬೇರೆ ಪ್ಲಂಬರ್ ಬಂದು ಬಿಚ್ಚಿ, ಗೋಡೆ ತೂತು ಮುಚ್ಚೋ ಸ್ಟೀಲ್ ಫ್ಲೇಂಜ್ ಎಳೆದ. ತೂತಿನ ಅಂಚಲ್ಲಿ ಮೊದಲು ಬೂದು ಬಣ್ಣದ ಹೊಸ ಟೈಲ್, ಅದರ ಹಿಂದೆ ಸಿಮೆಂಟ್, ಅದರ ಹಿಂದೆ ಆಕಾಶನೀಲಿ. ಅದೇ ಹಳೇ ಟೈಲ್, ಹೊಳಪೂ ಹೋಗಿಲ್ಲ. ಇನ್ನೂ ಒಳಗೆ ತುಕ್ಕು ಹಿಡಿದ ಜಿಐ ಎಲ್ಬೋ. ಅದಕ್ಕೆ ಒಂದು ಎಕ್ಸ್‌ಟೆನ್ಷನ್ ಸೇರಿಸಿ ಹೊಸ ಟೈಲ್ ಮಟ್ಟಕ್ಕೆ ಮುಂದೆ ತಂದಿದ್ದ. "ಏನ್ ಮೇಡಂ, ಇಲ್ಲಿ ಏನೂ ಕಿತ್ತೇ ಇಲ್ವಲ್ಲ" ಅಂದ ಪ್ಲಂಬರ್. ಅವನೆದುರು ನಾಚಿಕೆ ಒಂದು ಕಡೆ, ಹೊಟ್ಟೆ ಉರಿ ಇನ್ನೊಂದು ಕಡೆ.

ತಕ್ಷಣ ಫೋನ್ ಮಾಡಿದ್ದಕ್ಕೆ ಬಂದ ಉತ್ತರಗಳು ಇವು. "ಅದು ಓವರ್‌ಲೇ ಸಿಸ್ಟಮ್ ಮೇಡಂ, ಈಗ ಎಲ್ಲರೂ ಅದನ್ನೇ ಮಾಡ್ಸೋದು." ಸರಿ, ಹಾಗಾದ್ರೆ ಒಡೆಯೋ ಕೂಲಿ ಯಾಕೆ ತಗೊಂಡೆ? "ಕಿತ್ತಿದ್ರೆ ಸ್ಲ್ಯಾಬ್‌ಗೆ ಪೆಟ್ಟಾಗ್ತಿತ್ತು, ನಿಮ್ಮ ಒಳ್ಳೇದಕ್ಕೇ ಬಿಟ್ಟಿದ್ದು." ವಾಟರ್‌ಪ್ರೂಫಿಂಗ್ ಎಲ್ಲಿ? "ಗ್ರೌಟ್‌ನಲ್ಲೇ ಕೆಮಿಕಲ್ ಮಿಕ್ಸ್ ಮಾಡಿದೀವಿ." (ಗ್ರೌಟ್ ಅಂದ್ರೆ ಟೈಲ್ಸ್ ಸಂದಿಗೆ ತುಂಬೋ ಪೇಸ್ಟ್.) ಡೆಬ್ರಿ ದುಡ್ಡು? "ಸಾರ್‌ಗೆ ಫೋನ್ ಕೊಡಿ ಮೇಡಂ, ಟೆಕ್ನಿಕಲ್ ವಿಷಯ, ಅವರಿಗಾದ್ರೆ ಅರ್ಥ ಆಗುತ್ತೆ." ಈ ಕೊನೇ ಮಾತು ನಾನು ಮರೆಯಲ್ಲ. ದುಡ್ಡು ವಾಪಸ್ ಕೇಳಿದ್ಮೇಲೆ "ಲೇಬರ್ ಪೇಮೆಂಟ್ ಆಗೋಗಿದೆ" ಅಂದ, ಅಷ್ಟೇ. ಈಗ ಬರೀ ಬ್ಲೂ ಟಿಕ್.

ಟೆಕ್ನಿಕಲ್ ವಿಷಯ ಅಂದನಲ್ಲ, ಹೇಳ್ತೀನಿ ಕೇಳಿ. ಟೈಲ್ಸ್ ಮೇಲೆ ಟೈಲ್ಸ್ ಹಾಕೋದೇ ತಪ್ಪು ಅಂತ ನಾನು ಹೇಳ್ತಿಲ್ಲ. ಹಳೇದು ಎಲ್ಲೂ ಟೊಳ್ಳಾಗಿರಬಾರದು, ಅದರ ಹೊಳಪನ್ನ ಗ್ರೈಂಡರ್‌ನಲ್ಲಿ ಉಜ್ಜಿರಬೇಕು, ಅದಕ್ಕೆ ಅಂತಲೇ ಇರೋ ಟೈಲ್ ಅಡ್ಹೆಸಿವ್ ಬಳಸ್ಬೇಕು. ಚೀಲದ ಮೇಲೆ ಐಎಸ್ 15477 (ಟೈಲ್ ಅಡ್ಹೆಸಿವ್‌ನ ಭಾರತೀಯ ಮಾನಕದ ನಂಬರ್), ಯಾವ ಟೈಪ್, ಟೈಲ್ಸ್ ಮೇಲೆ ಆಗುತ್ತಾ ಇಲ್ವಾ ಎಲ್ಲ ಪ್ರಿಂಟ್ ಆಗಿರುತ್ತೆ. ಇವನು ಹಾಕಿದ್ದು ಬರೀ ಸಿಮೆಂಟ್ ಹಾಲು. ಹೊಳಪಿನ ಮೇಲೆ ಸಿಮೆಂಟ್ ಕಚ್ಚಲ್ಲ. ನಾಣ್ಯದಲ್ಲಿ ತಟ್ಟಿದ್ರೆ ಗೋಡೆ ಡಬ್ ಡಬ್ ಅನ್ನುತ್ತೆ.

ನೆಲದ ಕಥೆ ಇನ್ನೂ ಕೆಟ್ಟದು. ಬಾತ್‌ರೂಮ್ ನೆಲ ರೂಮಿನ ನೆಲಕ್ಕಿಂತ ಅರ್ಧ ಇಂಚಾದ್ರೂ ಕೆಳಗಿರಬೇಕು, ಟ್ರ್ಯಾಪ್ (ನೆಲದ ನೀರು ಹೊರಗೆ ಹೋಗೋ ತೂತು) ಕಡೆ 80ರಿಂದ 100ಕ್ಕೆ 1ರಷ್ಟು ಇಳಿಜಾರು ಬೇಕು. 7 ಅಡಿ ಉದ್ದಕ್ಕೆ ಹತ್ತಿರ ಹತ್ತಿರ ಒಂದಿಂಚು. ಹಳೇ ನೆಲದ ಮೇಲೇ ಹಾಕಿದ್ರಿಂದ ಬಾಗಿಲ ಹತ್ರ ನೆಲ ರೂಮಿನ ಮಟ್ಟಕ್ಕೇ ಬಂತು, ಸ್ನಾನ ಮಾಡಿದ್ರೆ ನೀರು ಬೆಡ್‌ರೂಮಿಗೆ. ನೆಲ ಎತ್ತರ ಆಯ್ತಲ್ಲ, ಆ ಟ್ರ್ಯಾಪ್ ಜಾಲಿ ಮೇಲೆ ತರೋಕೆ ಒಂದು ಪೈಪ್ ತುಂಡು ಸುಮ್ನೆ ಇಟ್ಟಿದ್ದಾನೆ. ಅಂಟಿಲ್ಲ, ಸೀಲಿಲ್ಲ. ಆ ಸಂದಿಯಿಂದ ನೀರು ಎರಡು ಟೈಲ್ಸ್ ನಡುವೆ ಸೇರುತ್ತೆ, ಗ್ರೌಟ್ ಗೆರೆಯಲ್ಲಿ ಬಿಳಿ ಪುಡಿ ಏಳುತ್ತೆ, ನಾತ ಬರುತ್ತೆ. ಕೆಳಗಿನ ಮನೆ ಆಂಟಿ ಬಂದು "ನಮ್ಮ ಸೀಲಿಂಗ್ ಒದ್ದೆ ಆಗ್ತಿದೆ ನೋಡಮ್ಮ" ಅಂದಾಗ ಅವರಿಗೆ ಏನಂತ ಹೇಳೋದು?

ಈಗ ಎಲ್ಲ ಕೀಳ್ಬೇಕು, ಎರಡು ಪದರ. ಇನ್ನೊಂದು ಸಲ ದುಡ್ಡು.

ನೀವು ಮಾಡಿಸೋದಾದ್ರೆ ಡೆಬ್ರಿ ಮೂಟೆ ಎಣಿಸಿ, ನಾನಂತೂ ಬೇರೆ ಯಾವುದನ್ನೂ ಇನ್ನು ನಂಬಲ್ಲ. 5x7ಗೆ 7 ಅಡಿ ಎತ್ತರಕ್ಕೆ ಟೈಲ್ಸ್ ಇದ್ರೆ ಬಾಗಿಲು ಕಳೆದು ಗೋಡೆ 150, ನೆಲ 35, ಒಟ್ಟು 185 ಚದರಡಿ. ಟೈಲ್ ಮತ್ತು ಹಿಂದಿನ ಗಾರೆ ಸೇರಿ ಹತ್ತಿರ ಹತ್ತಿರ ಒಂದು ಟನ್ ಆಗುತ್ತೆ, ಅಂದ್ರೆ ಮೂವತ್ತಕ್ಕೂ ಹೆಚ್ಚು ಸಿಮೆಂಟ್ ಚೀಲ ಗೇಟಿಂದ ಆಚೆ ಹೋಗ್ಬೇಕು. ನಮ್ಮ ವಾಚ್‌ಮನ್ ನೋಡಿದ್ದು ಮೂರು ನಾಲ್ಕು ಚೀಲ. ಫೋಟೊ ಬೇಡ, ವಿಡಿಯೊ ಕೇಳಿ: ಬಾಗಿಲಿಂದ ಶುರುವಾಗಿ ನಾಲ್ಕೂ ಗೋಡೆ, ನೆಲ, ಕಟ್ ಮಾಡದೆ. ವಾಟರ್‌ಪ್ರೂಫ್ ಕೋಟಿಂಗ್ ಎರಡು ಕೈ, ಗೋಡೆ ಮೇಲೆ ಒಂದಡಿ, ಶವರ್ ಕಡೆ ಪೂರ್ತಿ ಎತ್ತರಕ್ಕೆ. ಅದು ಒಣಗಿದ್ಮೇಲೆ ಟ್ರ್ಯಾಪ್ ಮುಚ್ಚಿ ಒಂದೆರಡು ಇಂಚು ನೀರು ನಿಲ್ಲಿಸಿ, 48 ಗಂಟೆ ಬಿಟ್ಟು ಕೆಳಗಿನ ಮನೆ ಸೀಲಿಂಗ್ ನೀವೇ ಹೋಗಿ ನೋಡಿ. ಅಲ್ಲೀವರೆಗೂ ಟೈಲ್ಸ್ ಮುಟ್ಟೋಕೆ ಬಿಡ್ಬೇಡಿ, ಮುಂದಿನ ಕಂತೂ ಕೊಡ್ಬೇಡಿ. ಕಂಟ್ರಾಕ್ಟರ್ "ಸಾರ್‌ಗೆ ಫೋನ್ ಕೊಡಿ" ಅಂದ್ರೆ ಅವತ್ತೇ ಕೀ ವಾಪಸ್ ಇಸ್ಕೊಳ್ಳಿ.