ಪೊಲೀಸ್ ಮೇಲೆ ನಾಗರಿಕರ ಬೋರ್ಡ್: ಲಾಸ್ ಏಂಜಲೀಸ್ ಥರದ್ದಾ, ಕ್ಯಾನ್ಸಸ್ ಸಿಟಿ ಥರದ್ದಾ?

ಅಮೆರಿಕದ ಈ ಎರಡೂ ಊರಲ್ಲಿ ಪೊಲೀಸ್ ಇಲಾಖೆ ಮೇಲ್ವಿಚಾರಣೆಗೆ ನಾಗರಿಕರ ಬೋರ್ಡ್ ಇದೆ. ಯಾವ್ದು ಮೇಲು ಅಂತ ಹೇಳೋಕೆ ಮೊದ್ಲು ನೋಡ್ಬೇಕಾದ್ದು ಮೆಂಬರ್‌ಗಳನ್ನ ಯಾರು ನೇಮಿಸ್ತಾರೆ ಅನ್ನೋದು. ಲಾಸ್ ಏಂಜಲೀಸಲ್ಲಿ ಐದೂ ಜನರನ್ನ ಮೇಯರ್ ನೇಮಿಸ್ತಾರೆ, ಸಿಟಿ ಕೌನ್ಸಿಲ್ ಒಪ್ಬೇಕು. ಮಿಸೌರಿಯ ಕ್ಯಾನ್ಸಸ್ ಸಿಟೀಲಿ ಐವರಲ್ಲಿ ನಾಲ್ವರನ್ನ ರಾಜ್ಯದ ಗವರ್ನರ್ (ನಮ್ಮ ಮುಖ್ಯಮಂತ್ರಿ ಥರ) ಹಾಕ್ತಾರೆ, ಉಳಿದ ಒಂದೇ ಸೀಟು ಮೇಯರ್‌ದು. ಮೇಲಾಗಿ ಸಿಟಿ ತನ್ನ ಸಾಮಾನ್ಯ ಆದಾಯದಲ್ಲಿ 25% ಪೊಲೀಸ್‌ಗೆ ಕೊಡ್ಲೇಬೇಕು ಅಂತ ರಾಜ್ಯದ ಕಾನೂನು, ಸಿಬ್ಬಂದಿ ನೇಮಕ ಎಲ್ಲಾ ಬೋರ್ಡ್ ಕೈಲಿ, ಅಂದ್ರೆ ಟ್ಯಾಕ್ಸ್ ಕಟ್ಟೋರು ಒಬ್ರು ತೀರ್ಮಾನ ಮಾಡೋರು ಇನ್ನೊಬ್ರು, ಇದು ಅನ್ಯಾಯಾನೇ.

ಲಾಸ್ ಏಂಜಲೀಸ್ ಬೋರ್ಡ್‌ಗೆ ಸ್ವಂತ ಇನ್‌ಸ್ಪೆಕ್ಟರ್ ಜನರಲ್ (ನಮ್ಮಲ್ಲಿನ ಪೊಲೀಸ್ ಹುದ್ದೆ ಅಲ್ಲ, ಪೊಲೀಸರ ಮೇಲೆ ಬೋರ್ಡ್ ಪರವಾಗಿ ಕಣ್ಣಿಡೋ ಅಧಿಕಾರಿ) ಇದಾರೆ, ಪೊಲೀಸ್ ಗುಂಡು ಹಾರಿಸಿದ್ದು ಪಾಲಿಸಿ ಪ್ರಕಾರ ಸರೀನಾ ಅಂತ ಬೋರ್ಡೇ ಹೇಳತ್ತೆ. ಆದ್ರೆ ತಪ್ಪು ಮಾಡಿದ ಪೊಲೀಸರ ಶಿಕ್ಷೆ ವಿಷ್ಯ ಪೊಲೀಸ್ ಚೀಫ್‌ಗೆ ಬಿಟ್ಟಿದ್ದು, ಅದೇ ದೊಡ್ಡ ಕೊರತೆ. ಆದ್ರೂ ನಾನು ಇದನ್ನೇ ಆರಿಸ್ತೀನಿ, ಯಾಕಂದ್ರೆ ಬೋರ್ಡ್ ಸರಿಯಿಲ್ಲ ಅಂದ್ರೆ ಊರಿನವ್ರು ಮೇಯರ್‌ನ ಓಟಲ್ಲಿ ಕೇಳ್ಬೋದು.