ಎಡಗಡೆ ಚಕ್ರ ಮಾತ್ರ ಯಾಕೆ ಕಪ್ಪು? ಕೇಳದೆ ಆ್ಯಸಿಡ್ ಹಾಕಿ ಉಜ್ಜಿದವನ ಕತೆ

ಅಲಾಯ್ ವೀಲ್ ಇರುವ ಕಾರಿನವರು, ಅದರಲ್ಲೂ ಆಗಾಗ ಘಾಟಿ ಇಳಿಯುವವರು, ಐದು ನಿಮಿಷ ಮಾಡಿಕೊಂಡು ಇದನ್ನು ಓದಿ. ತಪ್ಪು ಪೂರ್ತಿ ನನ್ನದೇ. ವಾಟರ್ ಸರ್ವಿಸ್‌ನವರನ್ನು ಬೈದು ಕೈತೊಳೆದುಕೊಳ್ಳಬಹುದಿತ್ತು, ಆದರೆ ಅವರು ಶುರು ಮಾಡಿದ್ದನ್ನು ಮುಗಿಸಿದವನು ನಾನು.

ನಮ್ಮದು ಹಾಸನ. ಹೆಂಡತಿಯ ತವರು ಬೆಳ್ತಂಗಡಿ ಕಡೆ. ತಿಂಗಳಿಗೆ ಎರಡು ಸಲವಾದರೂ ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿಯುವುದು ಮಾಮೂಲು. ಕಾರು ಸೆಕೆಂಡ್ ಹ್ಯಾಂಡ್ ಹ್ಯಾಚ್‌ಬ್ಯಾಕ್. ಮುಂದೆ ಡಿಸ್ಕ್ ಬ್ರೇಕ್, ಹಿಂದೆ ಡ್ರಮ್ ಬ್ರೇಕ್. ನಿಜ ಹೇಳಬೇಕೆಂದರೆ ಎಂಜಿನ್ ನೋಡಿ ಕೊಂಡಿದ್ದಲ್ಲ, ಚಕ್ರ ನೋಡಿ ಕೊಂಡಿದ್ದು. ಡೈಮಂಡ್ ಕಟ್ ಅಲಾಯ್. ಚಕ್ರದ ಮುಖವನ್ನು ಲೇತ್‌ಗೆ ಹಾಕಿ ಹೆರೆದು, ಆ ಹೊಳೆಯುವ ಬರೀ ಅಲ್ಯೂಮಿನಿಯಂ ಮೇಲೆ ತೆಳ್ಳಗೆ ಕ್ಲಿಯರ್ ಕೋಟ್ ಹೊಡೆದಿರುತ್ತಾರೆ. ಆ ತೆಳು ಪದರ ಇರುವವರೆಗೆ ಕನ್ನಡಿ. ಅದು ಹೋದರೆ ಏನು ಎಂಬುದು ನನಗೀಗ ಚೆನ್ನಾಗಿ ಗೊತ್ತು.

ಕಾರು ಬಂದ ಮೂರನೇ ತಿಂಗಳಿಗೇ ನನ್ನ ಹೆಂಡತಿ ಕೇಳಿದ್ದಳು, "ರೀ, ಈ ಎಡಗಡೆ ಮುಂದಿನ ಚಕ್ರ ಒಂದೇ ಯಾಕೆ ಬಾಣಲಿ ತಳದ ಹಾಗಿದೆ?" ಬ್ರೇಕ್ ಡಸ್ಟ್ ಕಣೇ, ಎಲ್ಲ ಕಾರಿಗೂ ಇರುತ್ತೆ ಅಂದೆ. ಅರ್ಧ ಸತ್ಯ. ಬ್ರೇಕ್ ಒತ್ತಿದಾಗ ಪ್ಯಾಡು, ಚಕ್ರದ ಜೊತೆ ತಿರುಗುವ ಬೀಡು ಕಬ್ಬಿಣದ ಡಿಸ್ಕನ್ನು ಉಜ್ಜಿ ಹಿಡಿಯುತ್ತದೆ. ಎರಡೂ ಸವೆಯುತ್ತವೆ. ಪ್ಯಾಡಿನ ರಾಳ, ಇಂಗಾಲ, ಲೋಹದ ಎಳೆ, ಡಿಸ್ಕಿನ ಕಬ್ಬಿಣ ಎಲ್ಲ ಸೇರಿದ ಕಪ್ಪು ಪುಡಿ ಬಿಸಿಬಿಸಿಯಾಗಿ ಹಾರಿ ಚಕ್ರಕ್ಕೆ ಕೂರುತ್ತದೆ. ನಿಲ್ಲಿಸುವ ಕೆಲಸದ ಹೆಚ್ಚು ಪಾಲು ಮುಂದಿನ ಬ್ರೇಕುಗಳದ್ದು, ಹಾಗಾಗಿ ಮುಂದಿನ ಚಕ್ರಗಳು ಹೆಚ್ಚು ಕಪ್ಪು. ಹಿಂದೆ ಡ್ರಮ್ ಇದ್ದರೆ ಪುಡಿ ಬಹುಪಾಲು ಡ್ರಮ್ಮಿನೊಳಗೇ ಉಳಿಯುತ್ತದೆ. ಇಷ್ಟೂ ನನಗೆ ಗೊತ್ತಿತ್ತು. ಗೊತ್ತಿದ್ದವನು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಮುಂದಿನ ಎರಡರಲ್ಲಿ ಎಡದ್ದು ಮಾತ್ರ ಯಾಕೆ? ಅವಳು ಕೇಳಿದ್ದೂ ಅದನ್ನೇ.

ಬೈಪಾಸ್ ಹತ್ತಿರದ ಒಂದು ವಾಟರ್ ಸರ್ವಿಸ್‌ಗೆ ಹೋದೆ. ಶಾಂಪೂ ಹಾಕಿದರೂ ಎಡಗಡೆಯ ಚುಕ್ಕೆಗಳು ಹೋಗಲಿಲ್ಲ. ಅಲ್ಲಿನ ಹುಡುಗ "ಸಾರ್, ಅದಕ್ಕೆ ಬೇರೆ ಐತೆ, ನೂರು ರೂಪಾಯಿ ಆಯ್ತದೆ" ಅಂದು ಲೇಬಲ್ಲಿಲ್ಲದ ಬಿಳಿ ಕ್ಯಾನಿನಿಂದ ಸ್ಪ್ರೇ ಬಾಟ್ಲಿಗೆ ಏನೋ ಸುರಿದುಕೊಂಡ. ಹೊಡೆದ ತಕ್ಷಣ ನೊರೆ ಬಂತು. ಮೂಗಿಗೆ ಖಾರವಾಗಿ ಹೊಡೆಯುವ ವಾಸನೆ. ಕೈಗೆ ಗ್ಲೌಸಿಲ್ಲ, ಕಾಲಲ್ಲಿ ಹವಾಯಿ ಚಪ್ಪಲಿ. ಎರಡು ನಿಮಿಷ ಬಿಟ್ಟು ನೀರು ಹೊಡೆದರೆ ಚಕ್ರ ಫಳಫಳ. ನೂರರ ಜೊತೆ ಇಪ್ಪತ್ತು ಟಿಪ್ಸ್ ಕೊಟ್ಟು ಬಂದೆ.

ಇಂಥ ಕ್ಯಾನುಗಳಲ್ಲಿ ಇರುವುದು ಸಾಮಾನ್ಯವಾಗಿ ಆ್ಯಸಿಡ್. ಹೈಡ್ರೋಕ್ಲೋರಿಕ್ ಇರಬಹುದು, ಫಾಸ್ಫಾರಿಕ್ ಇರಬಹುದು. ಕೆಲವು ವೀಲ್ ಕ್ಲೀನರುಗಳಲ್ಲಿ ಹೈಡ್ರೋಫ್ಲೋರಿಕ್ ಜಾತಿಯದ್ದೂ ಇರುತ್ತದೆ, ಅದು ಇನ್ನೂ ಘೋರ. ನೀರು ಬೆರೆಸಿದ್ದು ಮೈಗೆ ತಾಗಿದರೆ ಮೊದಲು ಉರಿಯೇ ಗೊತ್ತಾಗದೆ ಇರಬಹುದು. ಚರ್ಮ ದಾಟಿ ಒಳಗಿಳಿದು ಮೈಯ ಕ್ಯಾಲ್ಸಿಯಂ ಹಿಡಿದುಕೊಳ್ಳುತ್ತದೆ, ಗಂಟೆಗಳ ಮೇಲೆ ನೋವು ಶುರುವಾಗುತ್ತದೆ. ಆ ಹುಡುಗನ ಕ್ಯಾನಿನಲ್ಲಿ ಇದ್ದದ್ದು ಯಾವುದೋ, ಅವನಿಗೂ ಗೊತ್ತಿರಲಿಕ್ಕಿಲ್ಲ.

ಇನ್ನೆರಡು ಸಲ ಅಲ್ಲೇ ಮಾಡಿಸಿದೆ. ಆಮೇಲೆ ನನ್ನ ಜಾಣತನ ಕೆಲಸಕ್ಕೆ ಬಂತು. ಪ್ರತಿ ಸಲ ನೂರು ರೂಪಾಯಿ ಯಾಕೆ, ಮನೆಯಲ್ಲಿ ಟೈಲ್ಸ್ ತೊಳೆಯುವ ಆ್ಯಸಿಡ್ ಇದೆಯಲ್ಲ! ಒಂದು ಭಾನುವಾರ ಮಧ್ಯಾಹ್ನ, ಬೆಳ್ತಂಗಡಿಯಿಂದ ಬಂದು ಇಳಿದವನೇ, ಅರ್ಧ ಮಗ್ ನೀರಿಗೆ ಅರ್ಧ ಆ್ಯಸಿಡ್ ಬೆರೆಸಿ ಹಳೇ ಪಾತ್ರೆ ಉಜ್ಜುವ ಬ್ರಷ್‌ನಲ್ಲಿ ಬಳಿದೆ. ಚಕ್ರ ಇನ್ನೂ ಬಿಸಿ ಇತ್ತು. ಮೇಲೆ ಬಿಸಿಲು. ಬಳಿದದ್ದು ನೋಡನೋಡುತ್ತ ಒಣಗಿತು. ಅಷ್ಟರಲ್ಲಿ ಫೋನ್ ಬಂತು. ಮಾತು ಮುಗಿಸಿ ಬಂದು ನೀರು ಹಾಕಿದರೆ ಚಕ್ರದ ಕಡ್ಡಿಗಳ (ಸ್ಪೋಕ್) ಮೇಲೆ ಮಜ್ಜಿಗೆ ಚೆಲ್ಲಿ ಒಣಗಿದಂಥ ಬಿಳಿ ಕಲೆ. ಬಟ್ಟೆಯಲ್ಲಿ ಒರೆಸಿದೆ, ಹೋಗಲಿಲ್ಲ. ಪಾಲಿಶ್ ಹಾಕಿದೆ, ಹೋಗಲಿಲ್ಲ. ಉಗುರಲ್ಲಿ ಕೆರೆದರೆ ಕ್ಲಿಯರ್ ಕೋಟ್ ಈರುಳ್ಳಿ ಸಿಪ್ಪೆಯ ಹಾಗೆ ಎದ್ದು ಬಂತು. ಕಲೆ ಇದ್ದದ್ದು ಕೋಟಿನ ಮೇಲಲ್ಲ, ಅದರ ಕೆಳಗೆ, ಲೋಹದ ಮೈಯಲ್ಲೇ. ಬಲಗಡೆಯ ಚಕ್ರಕ್ಕೂ "ಸಮ ಇರಲಿ" ಅಂತ ಬಳಿದಿದ್ದೆ. ಸಮವೇ ಆಯಿತು.

ಆ್ಯಸಿಡ್ ಬೇಡವೆಂದು ಕಾಸ್ಟಿಕ್ ಸೋಡಾ ಬಗೆಯ ಕ್ಲೀನರ್ ಹಾಕುವವರಿದ್ದಾರೆ. ಅದೂ ಅಷ್ಟೇ. ಅಲ್ಯೂಮಿನಿಯಂ ಅನ್ನು ಕಡು ಆಮ್ಲವೂ ತಿನ್ನುತ್ತದೆ, ಕಡು ಕ್ಷಾರವೂ ತಿನ್ನುತ್ತದೆ.

ಇಷ್ಟಕ್ಕೇ ಮುಗಿದಿದ್ದರೆ ಇದು ಬರೀ ಅಂದಗೆಟ್ಟ ಚಕ್ರದ ಗೋಳಾಗುತ್ತಿತ್ತು.

ಆ್ಯಸಿಡ್ ಸ್ನಾನದ ನಂತರ ಬ್ರೇಕ್ ಒತ್ತಿದರೆ ಎಡಗಡೆಯಿಂದ ಕಿರ್ ಅನ್ನತೊಡಗಿತು. ತೊಳೆದ ಮೇಲೆ ಡಿಸ್ಕಿಗೆ ತೆಳುವಾಗಿ ತುಕ್ಕು ಹಿಡಿಯುವುದು, ಮೊದಲ ನಾಲ್ಕಾರು ಬ್ರೇಕಿಗೆ ಕರಕರ ಅನ್ನುವುದು ಸಹಜ. ಅದೇ ಇರಬೇಕು ಅಂದುಕೊಂಡೆ. ನಾಲ್ಕಾರು ಬ್ರೇಕಿಗೆ ನಿಲ್ಲಬೇಕಾದ ಸದ್ದು ವಾರವಾದರೂ ನಿಲ್ಲಲಿಲ್ಲ. ಗಾಡಿ ಎಡಕ್ಕೆ ಸ್ವಲ್ಪ ಎಳೆಯುತ್ತಿತ್ತು. ಐನೂರು ರೂಪಾಯಿ ಕೊಟ್ಟು ವೀಲ್ ಅಲೈನ್‌ಮೆಂಟ್ ಮಾಡಿಸಿದೆ. ಮೈಲೇಜ್ ಇಳಿದಿತ್ತು. ಪೆಟ್ರೋಲ್ ಬಂಕನ್ನು ಅನುಮಾನಿಸಿದೆ. ಒಂದು ಗ್ಯಾರೇಜಿನಲ್ಲಿ ಪ್ಯಾಡ್ ನೋಡಿ ಅಂದರೆ, ಆತ ಚಕ್ರ ಬಿಚ್ಚದೆ ಕಡ್ಡಿಗಳ ಸಂದಿಯಲ್ಲಿ ಮೊಬೈಲ್ ಟಾರ್ಚ್ ಬಿಟ್ಟು "ಇನ್ನೂ ಅರ್ಧಕ್ಕಿಂತ ಜಾಸ್ತಿ ಇದೆ ಸಾರ್" ಅಂದ. ಸುಳ್ಳೇನಲ್ಲ. ಅವನಿಗೆ ಕಂಡ ಪ್ಯಾಡು ಹಾಗೇ ಇತ್ತು.

ಜುಲೈ ತಿಂಗಳು. ಚಾರ್ಮಾಡಿಯಲ್ಲಿ ಎದುರಿನ ಲಾರಿ ಹತ್ತಡಿಗೆ ಬಂದರೂ ಕಾಣದಷ್ಟು ಮಂಜು, ಜೊತೆಗೆ ಮಳೆ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಅಣ್ಣಪ್ಪ ಸ್ವಾಮಿ ಗುಡಿ ಮುಂದೆ ನಿಲ್ಲಿಸಿ ಕೈಮುಗಿದು ಇಳಿಯತೊಡಗಿದೆವು. ಒಂದೈದಾರು ತಿರುವು ಆಗಿರಬೇಕು, ಹಿಂದಿನ ಸೀಟಿನಿಂದ ಮಗಳು "ಅಪ್ಪಾ, ಏನೋ ಸುಟ್ಟ ವಾಸನೆ" ಅಂದಳು. ಮುಂದಿನ ಲಾರಿಯದು ಅಂದೆ. ಇನ್ನೆರಡು ತಿರುವಿಗೆ ಪೆಡಲ್ ಕಾಲಡಿ ನಡುಗಿ, ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಸದ್ದು ಬಂತು. ಸೆಕೆಂಡ್ ಗೇರಿನಿಂದ ಫಸ್ಟಿಗೆ ಇಳಿಸಿ, ಹ್ಯಾಂಡ್ ಬ್ರೇಕ್ ಹಿಡಿದು ಹಿಡಿದು ಬಿಟ್ಟು, ಅಗಲ ಇದ್ದ ಕಡೆ ನಿಲ್ಲಿಸಿದೆ. ಬಲಗಡೆ ಚಕ್ರದ ಹತ್ತಿರ ಕೈಯೊಡ್ಡಿದರೆ ಬೆಚ್ಚಗೆ. ಎಡಗಡೆಯದಕ್ಕೆ ಒಂದು ಗೇಣು ದೂರದಲ್ಲೇ ಒಲೆಯ ಝಳ. ಅಲಾಯ್ ಮೇಲೆ ಬಿದ್ದ ಮಳೆಹನಿ ಚುಂಯ್ ಅನ್ನುತ್ತಿತ್ತು. ಹೆಂಡತಿ ನೀರಿನ ಬಾಟ್ಲಿ ತಂದಳು. ಸುರಿಯಬೇಡ ಅಂದೆ. ಆವತ್ತು ನಾನು ಮಾಡಿದ ಒಂದೇ ಸರಿಯಾದ ಕೆಲಸ ಅದು. ಅಷ್ಟು ಕಾದ ಡಿಸ್ಕಿಗೆ ಒಮ್ಮೆಲೇ ತಣ್ಣೀರು ಬಿದ್ದರೆ ಸೊಟ್ಟಗಾಗಬಹುದು, ಬಿರುಕೂ ಬಿಡಬಹುದು. ಮುಕ್ಕಾಲು ಗಂಟೆ ಕಾದು, ಆಮೆಯ ಹಾಗೆ ಫಸ್ಟ್ ಗೇರಿನಲ್ಲಿ ಉಜಿರೆ ಸೇರಿದೆವು. ಈಗ ಯೋಚಿಸಿದರೆ ಟೋಯಿಂಗ್ ಗಾಡಿ ಕರೆಸಬೇಕಿತ್ತು. ಹೆಂಡತಿ, ಮಗಳನ್ನು ಕೂರಿಸಿಕೊಂಡು ಅಂಥ ಬ್ರೇಕಿನಲ್ಲಿ ಇಳಿದದ್ದಕ್ಕೆ ಸಮರ್ಥನೆ ಇಲ್ಲ.

ಉಜಿರೆಯ ಮೆಕ್ಯಾನಿಕ್ ವಯಸ್ಸಾದವರು. ಚಕ್ರ ಬಿಚ್ಚಿ, ಡಿಸ್ಕಿನ ಎರಡೂ ಬದಿಯ ಪ್ಯಾಡುಗಳನ್ನು ಒತ್ತುವ ಕ್ಯಾಲಿಪರ್ ಎತ್ತಿ, ಒಳಗಿನ ಪ್ಯಾಡನ್ನು ಅಂಗೈ ಮೇಲೆ ಇಟ್ಟು ತೋರಿಸಿದರು. ಪ್ಯಾಡು ಅನ್ನುವುದಕ್ಕೆ ಅಲ್ಲಿ ಬರೀ ಕಬ್ಬಿಣದ ತಗಡು ಇತ್ತು. "ಎಂಥದು ಮಾರಾಯ್ರೆ ಇದು, ಒಳಗಿಂದು ಯಾರೂ ನೋಡ್ಲೇ ಇಲ್ವಾ?" ಡಿಸ್ಕಿನ ಒಳಮುಖದಲ್ಲಿ ಗ್ರಾಮಫೋನ್ ತಟ್ಟೆಯಂತೆ ಗೀರುಗಳು, ಉಗುರು ಸಿಕ್ಕಿಕೊಳ್ಳುವಷ್ಟು ಆಳ. ಹೊರಗಿನ ಪ್ಯಾಡು ಮಾತ್ರ ಆರು ಮಿಲಿಮೀಟರ್ ಇತ್ತು.

ಅವರು ವಿವರಿಸಿದ್ದು ಹೀಗೆ. ಇಂಥ ಕಾರುಗಳ ಕ್ಯಾಲಿಪರಿನಲ್ಲಿ ಪಿಸ್ಟನ್ ಒಳಬದಿಗೆ ಒಂದೇ. ಅದು ಒಳಗಿನ ಪ್ಯಾಡನ್ನು ತಳ್ಳುತ್ತದೆ, ಆ ಒತ್ತಡಕ್ಕೆ ಇಡೀ ಕ್ಯಾಲಿಪರ್ ಎರಡು ಪಿನ್ನುಗಳ ಮೇಲೆ ಜಾರಿ ಹೊರಗಿನ ಪ್ಯಾಡನ್ನು ಎಳೆದು ತರುತ್ತದೆ. ಆ ಪಿನ್ನಿಗೆ ರಬ್ಬರ್ ಬೂಟು, ಒಳಗೆ ಗ್ರೀಸು. ನನ್ನ ಕಾರಿನಲ್ಲಿ ಕೆಳಗಿನ ಪಿನ್ನಿನ ಬೂಟು ಹರಿದು, ನೀರು ಹೋಗಿ, ಪಿನ್ನು ತುಕ್ಕಿನಲ್ಲಿ ಕಚ್ಚಿಕೊಂಡಿತ್ತು. ಕ್ಯಾಲಿಪರ್ ಜಾರುತ್ತಿರಲಿಲ್ಲ. ಕಾಲು ತೆಗೆದರೂ ಒಳಗಿನ ಪ್ಯಾಡು ಡಿಸ್ಕನ್ನು ಬಿಡುತ್ತಿರಲಿಲ್ಲ. ಹಗಲೂ ರಾತ್ರಿ ಉಜ್ಜುತ್ತಿದ್ದರೆ ಪುಡಿ ಉದುರದೆ ಇನ್ನೇನು? ತಿಂಗಳುಗಟ್ಟಲೆ ನಾನು ಆ್ಯಸಿಡ್ ಹಾಕಿ ಅಳಿಸುತ್ತಿದ್ದದ್ದು ಇದೇ ಸುದ್ದಿಯನ್ನು. ಬೂಟು ಹರಿದದ್ದು ಆ್ಯಸಿಡ್‌ನಿಂದಲೇ ಎನ್ನಲಾಗದು ಅಂತ ಅವರೇ ಅಂದರು, ವಯಸ್ಸಾದರೆ ರಬ್ಬರ್ ಹರಿಯುತ್ತದೆ. ಆದರೆ ಕ್ಯಾಲಿಪರ್ ಬೋಲ್ಟುಗಳ ಲೇಪ ತಿಂದುಹೋಗಿ ಕೆಂಪಗಾಗಿದ್ದನ್ನು ತೋರಿಸಿ "ಇದು ನಿಮ್ಮ ಆ್ಯಸಿಡ್ದೇ" ಎಂದರು.

ಡಿಸ್ಕು ಮಂಗಳೂರಿನಿಂದ ಬರಬೇಕಾಯಿತು. ಎರಡು ದಿನ ಕಾರು ಅಲ್ಲೇ. ಡಿಸ್ಕನ್ನು ಒಂದೇ ಬದಿಗೆ ಹಾಕುವಂತಿಲ್ಲ, ಜೋಡಿ ಬದಲಿಸಬೇಕು. ಪ್ಯಾಡು, ಪಿನ್ನು, ಬೂಟು, ಕೂಲಿ ಸೇರಿ ₹9,200. ಚಕ್ರ ಮತ್ತೆ ಲೇತ್‌ಗೆ ಹಾಕಿ ಕೋಟ್ ಹೊಡೆಸಲು ಒಂದಕ್ಕೆ ₹4,500 ಕೇಳಿದ್ದಾರೆ. ಪ್ರತಿ ಸಲ ಲೇತ್‌ಗೆ ಹಾಕಿದಾಗ ಲೋಹ ಕಮ್ಮಿಯಾಗುತ್ತದೆ, ಹಾಗಾಗಿ ಇದನ್ನು ಪದೇಪದೇ ಮಾಡುವ ಹಾಗೂ ಇಲ್ಲ. ನನ್ನ ಭಾವಮೈದ ಕಾರು ನೋಡಿ ಹೇಳಿದ್ದು: "ಭಾವ, ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು." ಉತ್ತರ ಕೊಡಲಿಲ್ಲ.

ಈಗ ನಾನು ತೊಳೆಯುವ ರೀತಿ ಬೇರೆ. ಚಕ್ರ ಪೂರ್ತಿ ಆರಿರಬೇಕು, ನೆರಳಿರಬೇಕು. ಮೊದಲು ಬರೀ ನೀರು, ಪುಡಿ ಸಡಿಲಾಗುವಷ್ಟು. ಒಣ ಬಟ್ಟೆಯಲ್ಲಿ ಒರೆಸಿದರೆ ಆ ಕಬ್ಬಿಣದ ಪುಡಿಯೇ ಮರಳು ಕಾಗದ. ಆಮೇಲೆ ಕಾರ್ ಶಾಂಪೂ, ಮೆತ್ತನೆ ಬ್ರಷ್. ಚಕ್ರದ ಬಕೆಟ್ಟು ಚಕ್ರಕ್ಕೇ, ಅದೇ ಬಟ್ಟೆ ಬಾನೆಟ್ಟಿಗೆ ಹೋಗಕೂಡದು. ಹದಿನೈದು ದಿನಕ್ಕೊಮ್ಮೆ ಇಷ್ಟು ಮಾಡಿದರೆ ಬೇರೆ ಔಷಧಿಯೇ ಬೇಡ. ಬಿಟ್ಟರೆ ಮಾತ್ರ ಬಿಸಿ ಕಬ್ಬಿಣದ ಕಣಗಳು ಕೋಟಿನೊಳಗೆ ನಾಟಿಕೊಂಡು, ತೇವಕ್ಕೆ ತುಕ್ಕು ಹಿಡಿದು ಕಿತ್ತಳೆ ಚುಕ್ಕೆಯಾಗುತ್ತವೆ. ಅದಕ್ಕೆ ಐರನ್ ರಿಮೂವರ್ ಎಂದೇ ಸಿಗುತ್ತದೆ. ಕೊಳೆತ ಮೊಟ್ಟೆಯ ವಾಸನೆ, ಹೊಡೆದ ಒಂದೆರಡು ನಿಮಿಷಕ್ಕೆ ಕಬ್ಬಿಣದ ಜೊತೆ ಸೇರಿ ನೇರಳೆ ಬಣ್ಣಕ್ಕೆ ತಿರುಗಿ ಇಳಿಯುತ್ತದೆ. ಲೇಬಲ್ಲಿನಲ್ಲಿ ಆ್ಯಸಿಡ್ ಇಲ್ಲವೆಂದು, ಪಿಎಚ್ ನ್ಯೂಟ್ರಲ್ ಎಂದು ಇದೆಯೇ ನೋಡಿ. ಗ್ಲೌಸ್ ಹಾಕಿ, ಒಣಗಲು ಬಿಡದೆ ತೊಳೆಯಿರಿ. ಒಣಗಿದ ಚಕ್ರಕ್ಕೆ ಒಂದು ಕೈ ವ್ಯಾಕ್ಸೋ ವೀಲ್ ಸೀಲೆಂಟೋ ಹಾಕಿದರೆ ಮುಂದಿನ ಸಲ ನೀರಿಗೇ ಮುಕ್ಕಾಲು ಪಾಲು ಬಿಡುತ್ತದೆ. ಸಾವಿರಾರು ರೂಪಾಯಿಯ ಕೋಟಿಂಗ್ ಮಾಡಿಸಿದರೂ ಪುಡಿ ಬೀಳುವುದು ನಿಲ್ಲುವುದಿಲ್ಲ, ತೊಳೆಯುವುದು ಸುಲಭವಾಗುತ್ತದೆ ಅಷ್ಟೆ.

ಏರ್ ಹೊಡೆದು ಪುಡಿ ಹಾರಿಸುವ ಗ್ಯಾರೇಜಿನಿಂದ ಮಕ್ಕಳನ್ನು ದೂರ ಕರೆದುಕೊಂಡು ಹೋಗಿ, ಹಳೇ ಪ್ಯಾಡುಗಳಲ್ಲಿ ಶ್ವಾಸಕೋಶಕ್ಕೆ ಕೇಡು ಮಾಡುವ ಆಸ್ಬೆಸ್ಟಾಸ್ ಇರುತ್ತಿತ್ತು. ಅಡಿಭಾಗಕ್ಕೆ ಡೀಸೆಲ್ ಸ್ಪ್ರೇ ಮಾಡುವವರಿಗೂ, ಟೈರಿಗೆ ಪಾಲಿಶ್ ಚಿಮ್ಮಿಸುವವರಿಗೂ ಡಿಸ್ಕಿನ ಕಡೆ ಬೇಡ ಎಂದು ನಿಂತು ಹೇಳಿ. ಎಣ್ಣೆ ಕುಡಿದ ಪ್ಯಾಡು ಹಿಡಿಯುವುದಿಲ್ಲ. ಪುಡಿ ತಡೆಯಲೆಂದು ಚಕ್ರದ ಹಿಂದೆ ಹಾಕುವ ತಟ್ಟೆಗಳನ್ನಂತೂ ಘಾಟಿ ಓಡಿಸುವವರು ಮುಟ್ಟಬೇಡಿ, ಡಿಸ್ಕಿಗೆ ತಾಗಬೇಕಾದ ಗಾಳಿಯನ್ನೇ ಅವು ತಡೆಯುತ್ತವೆ. ಪುಡಿ ಕಮ್ಮಿಯಾಗಬೇಕಾದರೆ ಸೆರಾಮಿಕ್ ಪ್ಯಾಡು ಹಾಕಿಸಬಹುದು, ದುಡ್ಡು ಜಾಸ್ತಿ, ಆದರೆ ಬೀಳುವ ಪುಡಿ ಕಮ್ಮಿ, ಬಣ್ಣವೂ ತಿಳಿ. ಅದಕ್ಕಿಂತ ಮೊದಲು ಇಳಿಜಾರಿನಲ್ಲಿ ಸೆಕೆಂಡ್ ಗೇರ್ ಬಿಡಬೇಡಿ, ಎಂಜಿನ್ನೇ ಹಿಡಿಯಲಿ. ಇದು ಬಿಟ್ಟಿ.

ಸರ್ವಿಸಿಗೆ ಬಿಟ್ಟಾಗ ಚಕ್ರ ಬಿಚ್ಚಿಸಿ, ಒಳಗಿನ ಪ್ಯಾಡು ಎಷ್ಟಿದೆ ಎಂದು ಕಣ್ಣಾರೆ ನೋಡುತ್ತೇನೆ. ಮೂರು ಮಿಲಿಮೀಟರಿಗೆ ಬಂದರೆ ಬದಲಿಸುವುದು. ಪಿನ್ನು ತೆಗೆಸಿ ಬ್ರೇಕಿನ ಗ್ರೀಸೇ ಹಾಕಿಸುತ್ತೇನೆ, ಮಾಮೂಲಿ ಗ್ರೀಸ್ ರಬ್ಬರನ್ನು ಉಬ್ಬಿಸುತ್ತದೆ. ಘಾಟಿ ಇಳಿದ ಮೇಲೆ ಎರಡೂ ಚಕ್ರದ ಹತ್ತಿರ ಕೈಯೊಡ್ಡಿ ಬಿಸಿ ಹೋಲಿಸುವುದು ಈಗ ಅಭ್ಯಾಸ. ಭಾವಮೈದ ನಗುತ್ತಾನೆ, ನಗಲಿ.

ಹೋದ ಭಾನುವಾರ ಬೆಳ್ತಂಗಡಿಯಿಂದ ಬಂದು, ಚಕ್ರ ಆರಿದ ಮೇಲೆ, ಎರಡು ಬಿಳಿ ಟಿಶ್ಯೂ ತಗೊಂಡು ಎಡಕ್ಕೊಂದು ಬಲಕ್ಕೊಂದು ಒತ್ತಿ ನೋಡಿದೆ. ಎರಡರಲ್ಲೂ ಒಂದೇ ಬೂದು ಬಣ್ಣ. ಬಿಳಿ ಕಲೆ ಎರಡೂ ಚಕ್ರದಲ್ಲಿ ಹಾಗೇ ಇದೆ. ಸದ್ಯಕ್ಕೆ ಅದನ್ನು ಸರಿಮಾಡಿಸುವ ಯೋಚನೆ ಇಲ್ಲ.